ಹಳೇ ಸಣ್ಣ ಟ್ರ್ಯಾಕ್ಟರ್, ಕೆಳಗೆ ಆಯಿಲ್ ಕಲೆ: ಸೀಲ್ ಹಾಕುವುದೋ, ಜಾಕನ್ನೇ ಬದಲಿಸುವುದೋ, ಹಾಗೇ ಓಡಿಸುವುದೋ?

ಸೆಕೆಂಡ್ ಹ್ಯಾಂಡ್ ಸಣ್ಣ ಟ್ರ್ಯಾಕ್ಟರ್ ಕೊಂಡವರ ಕಥೆ ಹೆಚ್ಚೂಕಡಿಮೆ ಒಂದೇ. ತಂದ ದಿನ ಗಾಡಿ ಮಿರಿಮಿರಿ ಮಿಂಚುತ್ತಿರುತ್ತದೆ. ಮಾರುವವರು ತೊಳೆದು ಒರೆಸಿಯೇ ಕೊಟ್ಟಿರುತ್ತಾರಲ್ಲ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಕೆಳಗೆ ಅಂಗೈಯಗಲ ಆಯಿಲ್. ಅಲ್ಲಿಂದ ಸಲಹೆಗಳು ಶುರು. ಒಬ್ಬರು ಡಬ್ಬಿಯಲ್ಲಿ ಸಿಗುವ ಸ್ಟಾಪ್-ಲೀಕ್ ಸುರಿದುಬಿಡಿ ಅನ್ನುತ್ತಾರೆ. ಇನ್ನೊಬ್ಬರು ಸೀಲ್ ಕಿಟ್ (ಆಯಿಲ್ ತಡೆಯುವ ರಬ್ಬರ್ ಉಂಗುರಗಳ ಸೆಟ್) ತಂದು ನೀವೇ ಹಾಕಿ, ಏನೂ ಕಷ್ಟವಿಲ್ಲ ಅನ್ನುತ್ತಾರೆ. ಮತ್ತೊಬ್ಬರಿಗೆ ಜಾಕನ್ನೇ, ಅಂದರೆ ಆಯಿಲ್ ಒತ್ತಡದಿಂದ ರಾಡ್ ತಳ್ಳುವ ಹೈಡ್ರಾಲಿಕ್ ಸಿಲಿಂಡರನ್ನೇ, ಹೊಸದು ಹಾಕಿಸದೆ ಸಮಾಧಾನವಿಲ್ಲ. ಕೊನೆಯವರು, "ಹಳೇ ಗಾಡಿ ಅಂದಮೇಲೆ ಸೋರದೆ ಇರುತ್ತಾ, ಆಯಿಲ್ ಹಾಕ್ಕೊಂಡು ಓಡಿಸಿ" ಅಂತ ಮಾತು ಮುಗಿಸುತ್ತಾರೆ.

ನಾಲ್ವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಅವರವರ ಗಾಡಿಯಲ್ಲಿ ಅದು ನಡೆದಿದೆ. ಅವರ ಗಾಡಿ ಸೋರಿದ ಜಾಗ ಬೇರೆ, ನಿಮ್ಮದು ಬೇರೆ ಇರಬಹುದು, ಅಷ್ಟೆ. ಹಾಗಾಗಿ ಯಾವ ದಾರಿ ಒಳ್ಳೆಯದು ಅನ್ನುವ ಮೊದಲು, ಏನನ್ನು ನೋಡಿ ದಾರಿ ಆರಿಸಬೇಕು ಅನ್ನುವುದನ್ನು ಹೇಳುತ್ತೇನೆ.

ಏನನ್ನು ನೋಡಬೇಕು

ಮೊದಲನೆಯದು ಸೋರುವ ಬಗೆ. ಜಿನುಗುವುದು, ತೊಟ್ಟಿಕ್ಕುವುದು, ಚಿಮ್ಮುವುದು: ಮೂರೂ ಬೇರೆ ಬೇರೆ ಕಾಯಿಲೆ. ಜಿನುಗುವ ಜಾಗಕ್ಕೆ ಧೂಳು ಮೆತ್ತಿಕೊಂಡು ಕಪ್ಪು ಪದರ ಕಟ್ಟಿರುತ್ತದೆ, ನೆಲಕ್ಕೆ ಏನೂ ಬಿದ್ದಿರುವುದಿಲ್ಲ. ಅದಕ್ಕೆ ನಿದ್ದೆಗೆಡಬೇಕಿಲ್ಲ. ತೊಟ್ಟಿಕ್ಕುತ್ತಿದ್ದರೆ ಗಡಿಯಾರ ಹಿಡಿದು ಎಣಿಸಿ. 20 ತೊಟ್ಟಿಗೆ ಸುಮಾರು 1 ಮಿಲಿಲೀಟರ್ ಲೆಕ್ಕ. ಸೆಕೆಂಡಿಗೊಂದು ತೊಟ್ಟು ಅಂದರೆ 8 ಗಂಟೆಯ ಕೆಲಸದಲ್ಲಿ ಹೆಚ್ಚೂಕಡಿಮೆ ಒಂದೂವರೆ ಲೀಟರ್ ಹೋಯಿತು. ಹತ್ತು ಸೆಕೆಂಡಿಗೊಂದಾದರೆ 150 ಮಿಲಿ ಆಸುಪಾಸು. ಎರಡಕ್ಕೂ ನೆಲದ ಮೇಲೆ ಬೀಳುವ ಕಲೆ ದೂರದಿಂದ ಒಂದೇ ಥರ ಕಾಣುತ್ತದೆ, ಆದರೆ ತೀರ್ಮಾನ ಬೇರೆ. ಚಿಮ್ಮುತ್ತಿದ್ದರೆ ಲೆಕ್ಕ ಹಾಕುವ ಮಾತೇ ಇಲ್ಲ, ಎಂಜಿನ್ ಆಫ್.

ಎರಡನೆಯದು, ಸೋರುವ ಜಾಗದಲ್ಲಿ ಎಷ್ಟು ಒತ್ತಡವಿದೆ ಅನ್ನುವುದು. ಪಂಪಿನಿಂದ ಲಿವರ್ ಇರುವ ಕಂಟ್ರೋಲ್ ವಾಲ್ವಿಗೆ, ವಾಲ್ವಿನಿಂದ ಜಾಕಿಗೆ ಹೋಗುವ ದಾರಿಯಲ್ಲಿ ಸಣ್ಣ ಟ್ರ್ಯಾಕ್ಟರ್‌ಗಳಲ್ಲೂ ಸಾಮಾನ್ಯವಾಗಿ 140ರಿಂದ 170 ಬಾರ್, ಅಂದರೆ 2000ದಿಂದ 2500 ಪಿಎಸ್‌ಐ ಒತ್ತಡ ಬರುತ್ತದೆ. ಕಾರಿನ ಟಯರಿನ ಗಾಳಿಗಿಂತ ಸುಮಾರು 70 ಪಟ್ಟು. ವಾಪಸ್ ಬರುವ ರಿಟರ್ನ್ ಲೈನಿನಲ್ಲಿ ಒತ್ತಡ ತೀರಾ ಕಡಿಮೆ. ಪಂಪ್ ಆಯಿಲ್ ಎಳೆದುಕೊಳ್ಳುವ ಸಕ್ಷನ್ ಪೈಪಿನಲ್ಲಂತೂ ಒತ್ತಡವೇ ಇಲ್ಲ, ಎಳೆತ ಇರುತ್ತದೆ. ಒಂದು ಕಡೆ ನಡೆಯುವ ರಿಪೇರಿ ಇನ್ನೊಂದು ಕಡೆ ಪ್ರಾಣಾಪಾಯ.

ಮೂರನೆಯದನ್ನು ಹೊಸಬರು ಮರೆಯುತ್ತಾರೆ. ಬಹಳಷ್ಟು ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಹಿಂದಿನ ಉಪಕರಣ ಎತ್ತುವ ಲಿಫ್ಟಿನ ಆಯಿಲೇ ಗೇರ್‌ಬಾಕ್ಸಿಗೂ ಹಿಂದಿನ ಆಕ್ಸಲ್‌ಗೂ ಹೋಗುತ್ತದೆ. ಬ್ರೇಕ್ ಪ್ಲೇಟುಗಳೂ ಅದೇ ಆಯಿಲಿನಲ್ಲಿ ಮುಳುಗಿರುತ್ತವೆ. ಹೈಡ್ರೋಸ್ಟ್ಯಾಟಿಕ್ ಗಾಡಿಯಾದರೆ ಗಾಡಿ ಓಡುವುದೂ ಅದೇ ಆಯಿಲಿನ ಬಲದಿಂದ. ಇಂಥ ಗಾಡಿಯಲ್ಲಿ ಮುಂದಿನ ಬಕೆಟ್ ಎತ್ತುವ ಲೋಡರಿನ ಹೋಸ್ ಸೋರಿ ಮಟ್ಟ ಇಳಿದರೆ ಲೋಡರ್ ನಿಧಾನವಾಗುವುದಷ್ಟೇ ಅಲ್ಲ, ಒಳಗೆ ಗೇರು ಸವೆಯುತ್ತಿರುತ್ತದೆ.

ನಾಲ್ಕನೆಯದು, ಸೀಲ್ ಉಜ್ಜಿಕೊಂಡು ಓಡಾಡುವ ಲೋಹ ಹೇಗಿದೆ ಅನ್ನುವುದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ, ಯಾಕೆ ಅಂತ ಮುಂದೆ ಹೇಳುತ್ತೇನೆ. ಐದನೆಯದು ನಿಮ್ಮ ಪರಿಸ್ಥಿತಿ: ಗಾಡಿ ಎಷ್ಟು ದಿನ ನಿಂತರೆ ನಡೆಯುತ್ತದೆ, ವರ್ಷಕ್ಕೆ ಎಷ್ಟು ಗಂಟೆ ಓಡುತ್ತದೆ, ಕೈಯಲ್ಲಿ ಯಾವ ಟೂಲ್ ಇದೆ, ಜೇಬಿನಲ್ಲಿ ಎಷ್ಟಿದೆ.

ಕೈ ಹಾಕುವ ಮುಂಚೆ

ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಾಗಿ ಚಿಮ್ಮುವ ಆಯಿಲ್ ಬರಿಗಣ್ಣಿಗೆ ಕಾಣುವುದೇ ಇಲ್ಲ ಅನ್ನಬಹುದು. ಅಲ್ಲಿ ಬೆರಳಾಡಿಸಿ ಹುಡುಕಿದರೆ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗ್ಲೌಸ್ ಹಾಕಿದ್ದರೂ ತಡೆಯುವುದಿಲ್ಲ. ಹೊರಗೆ ಇರುವೆ ಕಚ್ಚಿದಷ್ಟು ಗುರುತು, ಮೊದಮೊದಲು ನೋವೂ ಅಷ್ಟಾಗಿ ಇರುವುದಿಲ್ಲ. ಒಳಗೆ ಮಾತ್ರ ಮಾಂಸ ಕೊಳೆಯಲು ಶುರುವಾಗಿರುತ್ತದೆ. ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗದಿದ್ದರೆ ಬೆರಳೋ ಕೈಯೋ ತೆಗೆಯಬೇಕಾಗಬಹುದು. ಹಾಗೇನಾದರೂ ಆದರೆ ನೋವಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಿ, "ಹೈಡ್ರಾಲಿಕ್ ಆಯಿಲ್ ಒತ್ತಡದಲ್ಲಿ ಒಳಗೆ ಹೊಕ್ಕಿದೆ" ಅಂತ ಸ್ಪಷ್ಟವಾಗಿ ಹೇಳಿ. ಗಾಯ ಚಿಕ್ಕದು ಅಂತ ಬ್ಯಾಂಡೇಜ್ ಹಾಕಿಸಿಕೊಂಡು ಬರಬೇಡಿ.

ಹುಡುಕುವುದಕ್ಕೆ ಕೈ ಬೇಡ, ಉದ್ದನೆಯ ರಟ್ಟಿನ ತುಂಡು ಹಿಡಿಯಿರಿ. ಚಿಮ್ಮುವ ಜಾಗ ಬಂದ ಕೂಡಲೇ ರಟ್ಟು ಒದ್ದೆಯಾಗುತ್ತದೆ. ಯಾವುದೇ ಜೋಡಣೆ ಬಿಚ್ಚುವ ಮುಂಚೆ ಲೋಡರ್, ಲಿಫ್ಟ್ ಎಲ್ಲವನ್ನೂ ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಮಾಡಿ, ಲಿವರುಗಳನ್ನು ಎಲ್ಲ ದಿಕ್ಕಿಗೂ ನಾಲ್ಕೈದು ಸಲ ಆಡಿಸಿ. ಒಳಗೆ ಉಳಿದ ಒತ್ತಡ ಹೋಗುತ್ತದೆ. ಲೋಡರ್ ಎತ್ತಿ ನಿಲ್ಲಿಸಿಯೇ ಕೆಲಸ ಮಾಡಬೇಕಾದರೆ ಕಬ್ಬಿಣದ ಆನಿಕೆ ಕೊಡಿ. ಜಾಕನ್ನು ನಂಬಿ ಅದರ ಕೆಳಗೆ ಹೋಗಬೇಡಿ. ರಿಪೇರಿಗೆ ಬಂದಿರುವುದೇ ಆ ಜಾಕು.

ನಿಜವಾಗಿ ಎಲ್ಲಿಂದ ಬರುತ್ತಿದೆ

ಆಯಿಲ್ ಬಿದ್ದ ಜಾಗ ಸೋರುವ ಜಾಗವಲ್ಲ. ಅದು ಪೈಪಿನ ಗುಂಟ ಇಳಿದು, ಚಾಸಿಯ ಅಂಚು ಹಿಡಿದು, ಎಲ್ಲೋ ಒಂದು ಬೋಲ್ಟಿನ ತುದಿಯಿಂದ ಉದುರುತ್ತದೆ. ಡೀಸೆಲ್ ಅಥವಾ ಡಿಗ್ರೀಸರ್ ಹಾಕಿ ಇಡೀ ಜಾಗ ತೊಳೆದು ಒಣಗಿಸಿ, ಅನುಮಾನವಿರುವ ಕಡೆಯೆಲ್ಲ ಟಾಲ್ಕಂ ಪೌಡರ್ ಉದುರಿಸಿ, ಹತ್ತು ನಿಮಿಷ ಕೆಲಸ ಮಾಡಿಸಿ ಆಫ್ ಮಾಡಿ ನೋಡಿ. ಬಿಳಿ ಪುಡಿಯ ಮೇಲೆ ಕಂದು ಗೆರೆ ಎಲ್ಲಿಂದ ಹೊರಟಿದೆಯೋ ಅದೇ ಜಾಗ.

ಇದರ ಜೊತೆಗೆ ಖರ್ಚಿಲ್ಲದ ಎರಡು ತಪಾಸಣೆ. ಗೇರ್‌ಬಾಕ್ಸಿನ ಮೇಲೆ ಒಂದು ಬ್ರೀದರ್ ಇರುತ್ತದೆ, ಒಳಗಿನ ಗಾಳಿ ಆಡುವುದಕ್ಕೆ. ಅದು ಕೆಸರು ಕಟ್ಟಿ ಮುಚ್ಚಿಹೋದರೆ ಬಿಸಿಯಾದ ಗಾಳಿ ಹೊರಗೆ ಹೋಗಲಾಗದೆ ಆಕ್ಸಲ್ ಸೀಲು, ಪಿಟಿಒ (ಉಪಕರಣ ತಿರುಗಿಸುವ ಹಿಂದಿನ ಶಾಫ್ಟ್) ಸೀಲುಗಳ ಮೂಲಕ ಆಯಿಲನ್ನು ತಳ್ಳುತ್ತದೆ. ಸೀಲ್ ಚೆನ್ನಾಗಿಯೇ ಇರುತ್ತದೆ, ಬೈಗುಳ ಮಾತ್ರ ಸೀಲಿಗೆ. ಆಯಿಲ್ ಮಟ್ಟ ಗೆರೆ ಮೀರಿದ್ದರೂ ಇದೇ ಪಾಡು. ಇನ್ನೊಂದು: ಹೈಡ್ರಾಲಿಕ್ ಆಯಿಲ್ ಇಳಿಯುತ್ತಿದೆ, ಹೊರಗೆ ಎಲ್ಲೂ ಕಾಣುತ್ತಿಲ್ಲ ಅಂದರೆ ಎಂಜಿನ್ ಆಯಿಲಿನ ಡಿಪ್‌ಸ್ಟಿಕ್ ಎಳೆದು ನೋಡಿ. ಪಂಪ್ ಎಂಜಿನ್ನಿನ ಗೇರಿನಿಂದ ತಿರುಗುವ ಗಾಡಿಗಳಲ್ಲಿ ಪಂಪಿನ ಶಾಫ್ಟ್ ಸೀಲ್ ಹೋದರೆ ಹೈಡ್ರಾಲಿಕ್ ಆಯಿಲ್ ಎಂಜಿನ್ ಸಂಪಿಗೆ, ಅಂದರೆ ಅದರ ಕೆಳಗಿನ ಆಯಿಲ್ ತಟ್ಟೆಗೆ, ಸೇರುತ್ತದೆ. ಅಲ್ಲಿ ಮಟ್ಟ ಏರಿದ್ದರೆ ಗಾಡಿ ಓಡಿಸುವುದನ್ನು ಅವತ್ತೇ ನಿಲ್ಲಿಸಿ.

ಸಕ್ಷನ್ ಕಡೆಯ ಲೀಕು ಇನ್ನೊಂದು ಮೋಸಗಾರ. ಎಂಜಿನ್ ಓಡುವಾಗ ಆಯಿಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಪಂಪ್ ಕುಂಯ್ ಅನ್ನುತ್ತದೆ, ಲೋಡರ್ ಜರ್ಕ್ ಹೊಡೆಯುತ್ತದೆ, ಆಯಿಲಿನಲ್ಲಿ ನೊರೆ ಕಾಣುತ್ತದೆ. ನೊರೆಯಲ್ಲದೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದು ನೀರು ಸೇರಿದ ಲಕ್ಷಣ, ಕಥೆ ಬೇರೆ. ಸಕ್ಷನ್ ಪೈಪಿನ ರಿಪೇರಿ ಸುಲಭ: ಒಂದು ರಬ್ಬರ್ ಪೈಪ್, ಎರಡು ಕ್ಲ್ಯಾಂಪ್. ಪಂಪೇ ಹೋಗಿದೆ ಅಂತ ಹೊಸ ಪಂಪ್ ಹಾಕಿಸಿದ ಮೇಲೂ ಅದೇ ಸದ್ದು ಕೇಳಿದವರು ಎಷ್ಟೋ ಮಂದಿ.

ಆಯಿಲ್ ಹಾಕುತ್ತಾ ಓಡಿಸುವುದು

ಇದು ಸೋಮಾರಿಗಳ ದಾರಿ ಅಂತ ನಗಬೇಡಿ. ಕೆಲವು ಲೀಕುಗಳಿಗೆ ಇದೇ ಸರಿಯಾದ ಉತ್ತರ. ಕ್ಲಚ್ ಹೌಸಿಂಗ್ ಕೆಳಗಿನ ಸಣ್ಣ ತೂತಿನಿಂದ ದಿನಕ್ಕೆ ನಾಲ್ಕು ತೊಟ್ಟು ಬೀಳುತ್ತಿದೆ ಅಂದುಕೊಳ್ಳಿ. ಅದು ಎಂಜಿನ್ನಿನ ಹಿಂದಿನ ಸೀಲೋ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲೋ ಆಗಿರುತ್ತದೆ. ಸೀಲಿನ ಬೆಲೆ ಲೆಕ್ಕಕ್ಕಿಲ್ಲ, ಆದರೆ ಅದನ್ನು ಮುಟ್ಟಲು ಟ್ರ್ಯಾಕ್ಟರನ್ನು ನಡುಮಧ್ಯೆ ಎರಡು ಭಾಗ ಮಾಡಬೇಕು. ಕ್ಲಚ್ ಜಾರುವವರೆಗೂ ಕಾದು, ಕ್ಲಚ್ ಪ್ಲೇಟ್ ಹಾಕಿಸುವ ದಿನವೇ ಸೀಲನ್ನೂ ಹಾಕಿಸಿದರೆ ಒಂದೇ ಕೂಲಿಯಲ್ಲಿ ಎರಡು ಕೆಲಸ.

ಆದರೆ ಮೂರು ಷರತ್ತು. ಲೀಕು ಒತ್ತಡದ ಲೈನಿನಲ್ಲಿ ಇರಬಾರದು. ಆಯಿಲಿನಲ್ಲಿ ಮುಳುಗದ ಒಣ ಬ್ರೇಕಿನ ಮೇಲೋ ಬಿಸಿ ಸೈಲೆನ್ಸರ್ ಮೇಲೋ ಬೀಳುತ್ತಿರಬಾರದು. ದಿನಾ ಬೆಳಿಗ್ಗೆ ಮಟ್ಟ ನೋಡುವ ಶಿಸ್ತು ನಿಮಗಿರಬೇಕು. ಕೊನೆಯದನ್ನು ಎದೆ ಮುಟ್ಟಿಕೊಂಡು ಹೇಳಿ. ಇನ್ನೊಂದು ಮಾತು: ಆಯಿಲ್ ಹೊರಗೆ ಬರುವ ದಾರಿಯಲ್ಲೇ ಧೂಳು, ನೀರು ಒಳಗೂ ಹೋಗುತ್ತವೆ. ಜಾಕಿನ ರಾಡಿನಲ್ಲಿ ಲೀಕಿದ್ದರೆ ಆ ರಾಡು ಪ್ರತಿ ಸಲ ಒಳಹೋಗುವಾಗಲೂ ಒಂದಿಷ್ಟು ಮಣ್ಣನ್ನು ಎಳೆದುಕೊಂಡೇ ಹೋಗುತ್ತದೆ. ಹಾಗಾಗಿ ರಾಡಿನ ಲೀಕಿಗೆ ಈ ದಾರಿ ಒಂದು ಸೀಸನ್‌ಗಿಂತ ಹೆಚ್ಚು ಒಗ್ಗುವುದಿಲ್ಲ.

ಸ್ಟಾಪ್-ಲೀಕ್ ಡಬ್ಬಿ

ಇದರ ಒಳಗುಟ್ಟು ಸರಳ. ವಯಸ್ಸಾಗಿ ಗಟ್ಟಿಯಾದ ರಬ್ಬರನ್ನು ಇದು ಮೆದುಗೊಳಿಸಿ ಒಂಚೂರು ಉಬ್ಬಿಸುತ್ತದೆ. ಸೀಲ್ ಬರೀ ಒಣಗಿದ್ದರೆ ಜಿನುಗುವುದು ನಿಲ್ಲಬಹುದು. ಹರಿದ ಸೀಲು, ತೂತಾದ ಹೋಸು, ಗೆರೆ ಬಿದ್ದ ರಾಡು, ಸಡಿಲ ನಟ್ಟು ಇವುಗಳಿಗೆ ಇದು ಏನೂ ಮಾಡದು. ಮತ್ತೆ ಅದೇ ಆಯಿಲಿನಲ್ಲಿ ಬ್ರೇಕ್ ಪ್ಲೇಟೂ ಇದೆಯಲ್ಲ! ಆ ಪ್ಲೇಟುಗಳ ಹಿಡಿತಕ್ಕೆಂದೇ ಅಳೆದು ಮಾಡಿದ ಆಯಿಲಿಗೆ ನೀವು ಇನ್ನೇನನ್ನೋ ಬೆರೆಸುತ್ತಿದ್ದೀರಿ. ಚೆನ್ನಾಗಿರುವ ಸೀಲುಗಳೂ ಜೊತೆಗೆ ಉಬ್ಬುತ್ತವೆ.

ನಾನಂತೂ ಇದನ್ನು ಹಾಕುವುದಿಲ್ಲ. ಹಾಕಲೇಬೇಕು ಅಂದರೆ, ಹೈಡ್ರಾಲಿಕ್ಕಿಗೆ ಪ್ರತ್ಯೇಕ ಟ್ಯಾಂಕ್ ಇರುವ ಗಾಡಿಯಲ್ಲಿ, ಒಳಗೆಲ್ಲೋ ಬಿಚ್ಚಲಾಗದ ಜಾಗದಲ್ಲಿ ಜಿನುಗುತ್ತಿದ್ದರೆ ಮಾತ್ರ.

ನಟ್ಟು, ಓ-ರಿಂಗು, ಹೋಸು

ಹಳೇ ಗಾಡಿಗಳ ಲೀಕಿನಲ್ಲಿ ದೊಡ್ಡ ಪಾಲು ಇಲ್ಲೇ ಇರುತ್ತದೆ. ಇಲ್ಲಿನ ಖರ್ಚೂ ಕಡಿಮೆ. ಆದರೆ "ಸೋರುತ್ತಿದೆ, ಇನ್ನೊಂದು ಸುತ್ತು ಬಿಗಿ" ಅನ್ನುವ ಬುದ್ಧಿ ಕೆಲಸ ಕೆಡಿಸುತ್ತದೆ. ಜೆಐಸಿ ಥರದ ಕೋನ್ ಫಿಟ್ಟಿಂಗುಗಳಲ್ಲಿ ಲೋಹಕ್ಕೆ ಲೋಹ ಕೂತು ಸೀಲ್ ಆಗುತ್ತದೆ. ಅತಿಯಾಗಿ ಬಿಗಿದರೆ ಕೋನ್ ಬಿರುಕು ಬಿಟ್ಟು ಖಾಯಂ ಲೀಕು. ಓ-ರಿಂಗ್ (ದುಂಡನೆಯ ರಬ್ಬರ್ ಉಂಗುರ) ಇರುವ ಫಿಟ್ಟಿಂಗನ್ನು ಎಷ್ಟು ಬಿಗಿದರೂ ಹರಿದ ಓ-ರಿಂಗ್ ಕೂಡಿಕೊಳ್ಳುವುದಿಲ್ಲ. ಟೆಫ್ಲಾನ್ ಟೇಪನ್ನು ಈ ಎರಡಕ್ಕೂ ಸುತ್ತಬೇಡಿ. ಅಲ್ಲಿ ಥ್ರೆಡ್ಡಿನ ಕೆಲಸ ಹಿಡಿದಿಡುವುದು ಮಾತ್ರ, ಸೀಲ್ ಮಾಡುವುದಲ್ಲ. ಟೇಪಿನ ಚೂರು ಕಿತ್ತು ಒಳಹೋಗಿ ವಾಲ್ವಿನಲ್ಲಿ ಸಿಕ್ಕಿಕೊಂಡರೆ ಇದ್ದದ್ದಕ್ಕಿಂತ ದೊಡ್ಡ ತಲೆನೋವು.

ಥ್ರೆಡ್ಡಿನ ವಿಷಯದಲ್ಲಿ ಹಳೇ ಗಾಡಿಗಳಲ್ಲಿ ಒಂದು ಬಲೆ ಇರುತ್ತದೆ. ಹಿಂದಿನ ಮಾಲೀಕರು ಸಿಕ್ಕಿದ್ದನ್ನು ತಿರುಗಿಸಿ ಕೂರಿಸಿರುತ್ತಾರೆ. ಪೈಪ್ ಥ್ರೆಡ್ಡಿನಲ್ಲಿ ಅಮೆರಿಕದ್ದು ಎನ್‌ಪಿಟಿ, ಬ್ರಿಟನ್ನಿನದು ಬಿಎಸ್‌ಪಿ. ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನ ಎನ್‌ಪಿಟಿಗೂ ಬಿಎಸ್‌ಪಿಗೂ ಇಂಚಿಗೆ 14 ಹಲ್ಲುಗಳೇ. ಹಾಗಾಗಿ ಒಂದರೊಳಗೊಂದು ತಿರುಗಿ ಕೂರುತ್ತದೆ. ಆದರೆ ಹಲ್ಲಿನ ಕೋನ ಒಂದರದ್ದು 60 ಡಿಗ್ರಿ, ಇನ್ನೊಂದರದ್ದು 55. ಎಷ್ಟು ಬಿಗಿದರೂ ಸೋರುತ್ತದೆ. ಬದಲಿಸಿ ಬದಲಿಸಿ ಸಾಕಾದ ಫಿಟ್ಟಿಂಗ್ ಇದ್ದರೆ ಥ್ರೆಡ್ ಗೇಜ್ ಇಟ್ಟು ನೋಡಿ.

ಓ-ರಿಂಗ್ ತರುವಾಗ ಅಳತೆಯ ಜೊತೆ ರಬ್ಬರಿನ ಜಾತಿಯನ್ನೂ ಕೇಳಿ. ಮಿನರಲ್ ಆಯಿಲಿಗೆ ನೈಟ್ರೈಲ್ ಬೇಕು. ತೀರಾ ಬಿಸಿಯಾಗುವ ಕಡೆ ವಿಟಾನ್. ಬ್ರೇಕ್ ಫ್ಲೂಯಿಡ್‌ಗೆ ಬಳಸುವ ಇಪಿಡಿಎಂ ರಬ್ಬರ್ ನೋಡಲು ಹಾಗೇ ಇರುತ್ತದೆ, ಆದರೆ ಹೈಡ್ರಾಲಿಕ್ ಆಯಿಲಿನಲ್ಲಿ ಊದಿಕೊಂಡು ಲೊಳೆಯಂತಾಗುತ್ತದೆ. ದಪ್ಪದಲ್ಲೂ ಮಿಲಿಮೀಟರ್ ಲೆಕ್ಕದ 2.5ಕ್ಕೂ ಇಂಚಿನ ಲೆಕ್ಕದ 2.62ಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಸೀಲಿಗೆ ಗೊತ್ತಾಗುತ್ತದೆ. ಹಿಂದುಗಡೆ ಉಪಕರಣದ ಹೋಸ್ ಸಿಕ್ಕಿಸುವ ಕ್ವಿಕ್ ಕಪ್ಲರ್ ಬಾಯಲ್ಲಿ ಆಯಿಲ್ ಒಸರುತ್ತಿದ್ದರೂ ಬಹುಪಾಲು ಒಳಗಿನ ಒಂದು ಓ-ರಿಂಗಿನ ಕೆಲಸ. ಒಳಗಿನ ಲೋಹ ಸವೆದಿದ್ದರೆ ಕಪ್ಲರನ್ನೇ ಬದಲಿಸಿ, ಅದರ ಮೇಲೆ ಸಮಯ ಕಳೆಯಬೇಡಿ.

ಹೋಸಿನಲ್ಲಿ ಆಯ್ಕೆಯೇ ಇಲ್ಲ. ಹೊರಗಿನ ರಬ್ಬರ್ ಬಿರಿದು ಒಳಗಿನ ತಂತಿಯ ಹೆಣಿಗೆ ಕಂಡಿತೋ, ಬೊಬ್ಬೆ ಎದ್ದಿತೋ, ತುದಿಯಲ್ಲಿ ಅದುಮಿ ಕೂರಿಸಿದ ಲೋಹದ ಕ್ರಿಂಪಿನ ಬುಡದಲ್ಲಿ ಒದ್ದೆಯಾಯಿತೋ, ಬದಲಿಸುವುದೇ. ಒತ್ತಡದ ಹೋಸಿಗೆ ಕ್ಲ್ಯಾಂಪ್ ಹಾಕಿ ರಬ್ಬರ್ ಸುತ್ತಿ ನಿಲ್ಲಿಸಿದವರನ್ನು ನೋಡಿದ್ದೇನೆ. ಅವರ ಪಕ್ಕ ಮಾತ್ರ ನಿಲ್ಲುವುದಿಲ್ಲ. ತೂತಾದ ಕಬ್ಬಿಣದ ಪೈಪಿಗೆ ಮೇಲಿಂದ ಅಂಟು, ಬೆಸುಗೆಯ ತೇಪೆ ಹಾಕುವುದೂ ಇದೇ ಸಾಲಿನದು. ಹೊಸ ಹೋಸ್ ಮಾಡಿಸುವಾಗ ಹಳೆಯದರ ಮೇಲೆ ಏನು ಅಚ್ಚಾಗಿದೆ ನೋಡಿ. ಆರ್1 ಅಂದರೆ ಒಂದು ಪದರ ತಂತಿ, ಆರ್2 ಅಂದರೆ ಎರಡು. ಎರಡು ಪದರದ್ದು ಹೆಚ್ಚು ಒತ್ತಡ ತಡೆಯುತ್ತದೆ, ಆದರೆ ಬಿಗಿ ಜಾಸ್ತಿ, ಸಣ್ಣ ತಿರುವಿನಲ್ಲಿ ಬಾಗುವುದಿಲ್ಲ. ಉದ್ದ ಅಳೆಯುವಾಗ ಲೋಡರನ್ನು ಪೂರ್ತಿ ಎತ್ತಿ ಒಮ್ಮೆ, ಪೂರ್ತಿ ಇಳಿಸಿ ಒಮ್ಮೆ ನೋಡಿ. ಹೋಸಿನ ಮೇಲೆ ಉದ್ದಕ್ಕೂ ಓಡುವ ಅಕ್ಷರಸಾಲು ಕೂರಿಸಿದ ಮೇಲೆ ಹಗ್ಗದಂತೆ ತಿರುಚಿಕೊಂಡಿದ್ದರೆ ಬಿಚ್ಚಿ ಮತ್ತೆ ಕೂರಿಸಿ, ತಿರುಚಿದ ಹೋಸ್ ಬೇಗ ಸಾಯುತ್ತದೆ. ಬಜೆಟ್ ಇದ್ದರೆ ಒಂದು ಹೋಸ್ ಒಡೆದ ದಿನ ಅದೇ ವಯಸ್ಸಿನ ಉಳಿದವನ್ನೂ ಬದಲಿಸಿ. ಇಲ್ಲದಿದ್ದರೆ ಡ್ರೈವರಿನ ಮೈಗೆ ಹತ್ತಿರ ಹಾದುಹೋಗುವುದನ್ನು ಮೊದಲು.

ಜಾಕಿನ ಸೀಲು: ನೀವೋ, ವರ್ಕ್‌ಶಾಪೋ, ಹೊಸ ಜಾಕೋ

ನಿಜವಾದ ಗೊಂದಲ ಇರುವುದು ಇಲ್ಲಿ. ರಾಡ್ ಹೊರಬರುವ ಬಾಯಲ್ಲಿ ಆಯಿಲ್ ಉಂಗುರ ಕಟ್ಟಿ ತೊಟ್ಟಿಕ್ಕುತ್ತಿದೆ. ಕಿಟ್ ಅಗ್ಗ, ವರ್ಕ್‌ಶಾಪ್ ಮಧ್ಯಮ, ಹೊಸ ಜಾಕ್ ದುಬಾರಿ. ಅಗ್ಗದ್ದರಿಂದ ಶುರು ಮಾಡೋಣ ಅನ್ನಿಸುವುದು ಸಹಜ. ನನಗೂ ಹಾಗೇ ಅನ್ನಿಸಿತ್ತು.

ನನ್ನ ಮೊದಲ ಲೋಡರ್ ಜಾಕ್. ಕಿಟ್ ತಂದೆ, ಒಂದು ಭಾನುವಾರ ಪೂರ್ತಿ ಕೂತು ಹಾಕಿದೆ, ಒಣಗಿದ ಎಲೆಯಂತೆ ಇತ್ತು. ಒಂದು ತಿಂಗಳು. ಮತ್ತೆ ಉಂಗುರ ಕಟ್ಟಿತು. ಕಿಟ್ ಕಳಪೆ ಅಂತ ಬೈದುಕೊಂಡು ಒಳ್ಳೆಯ ಬ್ರ್ಯಾಂಡಿನದು ತಂದು ಹಾಕಿದೆ. ಮೂರು ವಾರ. ಆಗ ರಾಡನ್ನು ಪೂರ್ತಿ ಹೊರಗೆಳೆದು, ಒರೆಸಿ, ಬಿಸಿಲಿಗೆ ಓರೆಯಾಗಿ ಹಿಡಿದು, ಉಗುರನ್ನು ಉದ್ದಕ್ಕೂ ಎಳೆದುಕೊಂಡು ಬಂದೆ. ಒಂದು ಕಡೆ ಉಗುರು ಟಿಕ್ ಅಂತು. ಸಾಸಿವೆ ಕಾಳಿಗಿಂತ ಚಿಕ್ಕ ಮೂರು ತುಕ್ಕಿನ ಗುಳಿ. ಹಿಂದಿನವರು ಲೋಡರ್ ನಿಲ್ಲಿಸುತ್ತಿದ್ದ ಭಂಗಿಯಲ್ಲಿ ರಾಡಿನ ಆ ಭಾಗ ಮಳೆಗೆ ತೆರೆದುಕೊಂಡಿರುತ್ತಿತ್ತು. ರಾಡು ಒಂದು ಸಲ ಹೋಗಿ ಬಂದರೆ ಆ ಗುಳಿಗಳ ಅಂಚು ಸೀಲಿನ ತುಟಿಯನ್ನು ಅರದಂತೆ ಉಜ್ಜುತ್ತಿತ್ತು. ಬೇರೆ ರಾಡ್ ಮಾಡಿಸಿದ ಮೇಲೆ ಹಾಕಿದ ಮೂರನೇ ಕಿಟ್ ನಿಂತಿತು. ಎರಡು ಕಿಟ್, ಎರಡು ಭಾನುವಾರ ಹೋದದ್ದು ಮೊದಲೇ ಉಗುರು ಎಳೆದು ನೋಡದೆ ಇದ್ದುದಕ್ಕೆ.

ರಾಡಿನ ಮೇಲಿನ ಹೊಳಪು ಹಾರ್ಡ್ ಕ್ರೋಮ್ ಲೇಪ. ಸಾಮಾನ್ಯವಾಗಿ ಅದು 20-25 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನಲವತ್ತನೇ ಒಂದು ಭಾಗದಷ್ಟು. ಹಾಗಾಗಿ ತೀರ್ಮಾನ ಉಗುರಿನ ಮೇಲೆ ನಿಂತಿದೆ. ಉಗುರು ಎಲ್ಲೂ ತಡೆಯಲಿಲ್ಲ, ರಾಡ್ ನೇರ ಇದೆ ಅಂದರೆ ಕಿಟ್ ತನ್ನಿ. ಕಣ್ಣಿಗೆ ಗೆರೆ ಕಾಣುತ್ತದೆ, ಉಗುರಿಗೆ ಸಿಗುವುದಿಲ್ಲ ಅಂದರೆ 600 ಅಥವಾ ಇನ್ನೂ ನಯವಾದ ಎಮರಿ ಪೇಪರಿಗೆ ಆಯಿಲ್ ಹಚ್ಚಿ ಹಗುರವಾಗಿ ಉಜ್ಜಿ, ಆಮೇಲೆ ಕಿಟ್. ಉಗುರು ತಡೆದರೆ ಕಿಟ್ ಒಂದನ್ನೇ ತರಬೇಡಿ. ಆಗ ಕ್ರೋಮ್ ಬಾರಿನಿಂದ ಲೇತಿನಲ್ಲಿ ಹೊಸ ರಾಡ್ ಮಾಡಿಸುವುದೋ, ಹಳೆಯದಕ್ಕೆ ಮತ್ತೆ ಕ್ರೋಮ್ ಹಾಕಿಸುವುದೋ, ಹೊಸ ಜಾಕೋ, ಮೂರರ ಮಧ್ಯೆ ಹೋಲಿಸಿ. ರಾಡ್ ಬಾಗಿದ್ದರೆ ಕ್ರೋಮ್ ಹಾಕಿಸಿ ಪ್ರಯೋಜನವಿಲ್ಲ. ಬ್ಯಾರಲ್ (ಪಿಸ್ಟನ್ ಓಡಾಡುವ ಕೊಳವೆ) ಒಳಗೂ ಆಳವಾಗಿ ಗೆರೆ ಬಿದ್ದಿದ್ದರೆ ನನ್ನ ಓಟು ಹೊಸ ಜಾಕಿಗೆ.

ಹೊಸ ಜಾಕಿನಲ್ಲಿ ಕಂಪನಿಯದು ಮತ್ತು ಸಾಮಾನ್ಯ ಅಳತೆಯದು ಅಂತ ಎರಡು ಬಗೆ. ಬೋರ್ (ಬ್ಯಾರಲಿನ ಒಳ ಅಗಲ), ರಾಡಿನ ದಪ್ಪ, ಸ್ಟ್ರೋಕ್ (ರಾಡ್ ಚಲಿಸುವ ದೂರ), ಮುಚ್ಚಿದಾಗ ಪಿನ್ನಿಂದ ಪಿನ್ನಿಗೆ ಇರುವ ಉದ್ದ, ಪಿನ್ನಿನ ದಪ್ಪ, ಹೋಸ್ ಕೂರುವ ಪೋರ್ಟಿನ ಥ್ರೆಡ್, ಇಷ್ಟು ಕೂಡಿಬಂದರೆ ಸಾಮಾನ್ಯ ಅಳತೆಯ ಜಾಕ್ ಕಂಪನಿಯದಕ್ಕಿಂತ ಎಷ್ಟೋ ಅಗ್ಗಕ್ಕೆ ಬರುತ್ತದೆ. ಒಂದು ಕಡೆ ಮಾತ್ರ ಬದಲಿಸುವುದಾದರೆ ಬೋರೂ ರಾಡೂ ಇನ್ನೊಂದು ಕಡೆಯದಕ್ಕೆ ಸರಿಸಮ ಇರಲೇಬೇಕು, ಇಲ್ಲದಿದ್ದರೆ ಲೋಡರ್ ತಿರುಚಿಕೊಳ್ಳುತ್ತದೆ.

ನೀವೇ ಕಿಟ್ ಹಾಕುವುದಾದರೆ ಮೊದಲು ಜಾಕಿನ ಬಾಯಿ ನೋಡಿ. ಥ್ರೆಡ್ ಇರುವ ಗ್ಲ್ಯಾಂಡೋ (ರಾಡ್ ಹಾದುಬರುವ ಮುಚ್ಚಳ), ಒಳಗೆ ಸರ್ಕ್ಲಿಪ್ಪೋ (ಸ್ಪ್ರಿಂಗ್ ಉಕ್ಕಿನ ಬಳೆ), ತಂತಿಯ ಉಂಗುರವೋ. ಎಲ್ಲ ಕಡೆ ಬೆಸೆದುಬಿಟ್ಟಿದ್ದರೆ ಅದು ಮನೆಯಲ್ಲಿ ಬಿಚ್ಚುವಂಥದ್ದಲ್ಲ. ಗ್ಲ್ಯಾಂಡ್ ಬಿಚ್ಚಿದರೂ ಪಿಸ್ಟನ್ ಹಿಡಿದಿರುವ ನಟ್ಟು ಎಷ್ಟೋ ಜನರನ್ನು ವರ್ಕ್‌ಶಾಪಿಗೆ ಕಳಿಸಿದೆ. ಅದು ಭಯಂಕರ ಬಿಗಿ ಇರುತ್ತದೆ, ಥ್ರೆಡ್ ಲಾಕರ್ ಹಾಕಿದ್ದರಂತೂ ಬಿಸಿ ಮಾಡದೆ ಜಗ್ಗುವುದಿಲ್ಲ. ಇಂಪ್ಯಾಕ್ಟ್ ರೆಂಚ್, ಭದ್ರವಾದ ವೈಸ್ ಇಲ್ಲದಿದ್ದರೆ ಜಾಕನ್ನು ಗಾಡಿಯಿಂದ ಕಳಚಿ, ಅದೊಂದನ್ನೇ ವರ್ಕ್‌ಶಾಪಿಗೆ ಒಯ್ಯಿರಿ. ಬಿಚ್ಚಿ ಕೂರಿಸುವ ಕೂಲಿ ಉಳಿಯುತ್ತದೆ, ಕಷ್ಟದ ಭಾಗ ಟೂಲ್ ಇದ್ದವರ ಪಾಲಿಗೆ. ಕೆಲಸ ಬಲ್ಲ ಹೆಚ್ಚಿನವರಿಗೆ ನಾನು ಹೇಳುವುದು ಈ ನಡುವಿನ ದಾರಿಯನ್ನೇ. ಪಿಸ್ಟನ್ ಹೊರಬರದಿದ್ದರೆ ಕಂಪ್ರೆಸರ್ ಗಾಳಿ ಹೊಡೆದು ಹಾರಿಸುವ ಪ್ರಯತ್ನ ಮಾತ್ರ ಬೇಡ. ಅದು ಗುಂಡಿನಂತೆ ಬರುತ್ತದೆ.

ಹಳೇ ಸೀಲ್ ತೆಗೆಯುವ ಮುಂಚೆ ಒಂದೊಂದರ ಫೋಟೊ ತೆಗೆಯಿರಿ, ತುಟಿ ಯಾವ ಕಡೆಗಿತ್ತು ಅನ್ನುವುದು ಕಾಣುವ ಹಾಗೆ. ರಾಡ್ ಸೀಲಿನ ತುಟಿ ಆಯಿಲ್ ಕಡೆಗೆ, ವೈಪರಿನ ತುಟಿ ಹೊರಗೆ ಧೂಳಿನ ಕಡೆಗೆ. ಓ-ರಿಂಗ್ ಪಕ್ಕದ ಗಟ್ಟಿ ಬ್ಯಾಕಪ್ ರಿಂಗ್ ಒತ್ತಡ ಬರುವ ಕಡೆಗಲ್ಲ, ಅದರ ಎದುರು ಕಡೆಗೆ. ಹೊಸ ಸೀಲನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗುತ್ತದೆ. ಅದನ್ನು ಗೇರುಬೀಜದ ಆಕಾರಕ್ಕೆ ಮಡಚಿ ಒಳಗೆ ಬಿಟ್ಟು, ಬೆರಳಿನಿಂದ ಬಿಡಿಸಿ ಕೂರಿಸಿ. ಸ್ಕ್ರೂಡ್ರೈವರಿನ ಮೊನೆ ಒಮ್ಮೆ ತಾಗಿದರೆ ಆ ಸೀಲಿನ ಕಥೆ ಮುಗಿಯಿತು.

ಹೊರಗೆ ಒಂದು ತೊಟ್ಟೂ ಇಲ್ಲ, ಲೋಡರ್ ಮಾತ್ರ ಇಳಿಯುತ್ತದೆ

ಇದು ಒಳಗಿನ ಲೀಕು. ಬಂದವರೆಲ್ಲ ಜಾಕಿನ ಪಿಸ್ಟನ್ ಸೀಲ್ ಹೋಗಿದೆ ಅನ್ನುತ್ತಾರೆ. ಕೊಂಚ ಯೋಚಿಸಿ. ಬೂಮ್, ಅಂದರೆ ಲೋಡರಿನ ತೋಳು, ಇಳಿಯಬೇಕಾದರೆ ರಾಡು ಬ್ಯಾರಲಿನ ಒಳಗೆ ಬರಬೇಕು. ರಾಡಿಗೂ ಒಂದು ಗಾತ್ರವಿದೆ, ಅದಕ್ಕೆ ಜಾಗ ಬೇಕು. ಬ್ಯಾರಲ್ ತುಂಬ ಆಯಿಲ್ ಇರುವಾಗ ಅಷ್ಟು ಆಯಿಲ್ ಹೊರಗೆ ಹೋಗದೆ ರಾಡ್ ಒಳಬರಲಾರದು. ಪಿಸ್ಟನ್ ಸೀಲ್ ಹಾಳಾಗಿದ್ದರೆ ಆಯಿಲ್ ಪಿಸ್ಟನ್ನಿನ ಈ ಕಡೆಯಿಂದ ಆ ಕಡೆಗೆ ಹೋದೀತು, ಜಾಕು ಬಿಟ್ಟು ಹೋಗಲಾರದು. ಹೋಗುತ್ತಿದೆ ಅಂದರೆ ದಾರಿ ಕೊಟ್ಟಿರುವುದು ಕಂಟ್ರೋಲ್ ವಾಲ್ವ್. ಹಾಗಾಗಿ ತಾನಾಗಿ ಇಳಿಯುವ ಬೂಮಿಗೆ ಬರೀ ಸೀಲ್ ಕಿಟ್ ಹಾಕಿಸಿದವರು ಬಹಳ ಸಲ ನಿರಾಶರಾಗುತ್ತಾರೆ.

ವಾಲ್ವಿನ ಸ್ಪೂಲಿಗೆ (ಲಿವರ್ ಆಡಿಸಿದಾಗ ಒಳಗೆ ಸರಿಯುವ ಲೋಹದ ಕಡ್ಡಿ) ಅಲ್ಲಿ ರಬ್ಬರ್ ಸೀಲ್ ಇರುವುದಿಲ್ಲ. ಲೋಹದೊಳಗೆ ಲೋಹ ನಯವಾಗಿ ಕೂತಿರುತ್ತದೆ, ಹೊಸದರಲ್ಲೂ ಅಲ್ಪಸ್ವಲ್ಪ ಜಾರುತ್ತದೆ. ರಾತ್ರಿ ಎತ್ತಿಟ್ಟ ಬಕೆಟ್ ಬೆಳಿಗ್ಗೆ ನೆಲದ ಮೇಲಿದ್ದರೆ ಅದು ರೋಗವಲ್ಲ, ಮೊದಲೇ ಇಳಿಸಿಡಬೇಕಾಗಿತ್ತು ಅಷ್ಟೆ. ಎತ್ತಿ ಹಿಡಿದ ಹೊರೆ ಕಣ್ಣೆದುರೇ ಇಳಿಯುತ್ತಿದ್ದರೆ ವಾಲ್ವ್ ಸವೆದಿದೆ. ಸ್ಪೂಲ್ ಮತ್ತು ಬಾಡಿ ಜೋಡಿಯಾಗಿ ತಯಾರಾದವು, ಒಂದನ್ನೇ ಬದಲಿಸಲು ಬರುವುದಿಲ್ಲ. ಇಡೀ ವಾಲ್ವ್ ಬದಲಿಸುವ ಖರ್ಚು ಬಹಳ, ಮಣ್ಣು ಎತ್ತಿ ಸುರಿಯುವ ಕೆಲಸಕ್ಕೆ ಅದಿಲ್ಲದೆಯೂ ನಡೆಯುತ್ತದೆ. ಎತ್ತಿ ಹಿಡಿದು ನಿಖರವಾಗಿ ಇಡುವ ಕೆಲಸವಿದ್ದರೆ, ಕೆಳಗೆ ಜನ ಓಡಾಡುತ್ತಿದ್ದರೆ, ನಡೆಯುವುದಿಲ್ಲ. ಅದೇ ವಾಲ್ವಿನಲ್ಲಿ ಲಿವರ್ ಬುಡದಿಂದ ಹೊರಗೆ ಸೋರುತ್ತಿದ್ದರೆ ಅದು ಸ್ಪೂಲಿನ ತುದಿಯ ಓ-ರಿಂಗ್, ಅಗ್ಗದ ಕೆಲಸ.

ಹಿಂದಿನ ಲಿಫ್ಟಿನ ಲೆಕ್ಕ ಬೇರೆ. ಬಹುಪಾಲು ಗಾಡಿಗಳಲ್ಲಿ ಅದರ ಜಾಕು ಗೇರ್‌ಬಾಕ್ಸಿನ ಮೇಲ್ಭಾಗದ ಹೌಸಿಂಗ್ ಒಳಗೇ ಇದ್ದು, ಒಂದೇ ಕಡೆಯಿಂದ ಆಯಿಲ್ ತಳ್ಳುತ್ತದೆ. ಪಿಸ್ಟನ್ ಓ-ರಿಂಗ್ ಹರಿದರೆ ಆಯಿಲ್ ಸೀದಾ ಒಳಗೇ ಬೀಳುತ್ತದೆ, ಲಿಫ್ಟ್ ಇಳಿಯುತ್ತದೆ. ಎಂಜಿನ್ ಓಡುವಾಗ ಇಳಿದು, ತಾನೇ ಮತ್ತೆ ಎತ್ತಿಕೊಂಡು, ತೂಕಡಿಸುವವರ ತಲೆಯಂತೆ ಆಡುತ್ತಿದ್ದರೆ ಇದರ ಅನುಮಾನ ಪಡಿ. ಓ-ರಿಂಗ್ ಚಿಲ್ಲರೆ ಬೆಲೆಯದು, ಆದರೆ ಸೀಟು ಬಿಚ್ಚಿ ಭಾರದ ಹೌಸಿಂಗ್ ಎತ್ತಬೇಕು. ಬಿಡುವಿನ ಕಾಲಕ್ಕೆ ಇಟ್ಟುಕೊಳ್ಳುವ ಕೆಲಸ.

ಯಾರಿಗೆ ಯಾವುದು

ವರ್ಷಕ್ಕೆ ಐವತ್ತು ಗಂಟೆ ಓಡಿಸುವವರಿಗೆ ಸಮಯವಿದೆ, ದುಡ್ಡು ಹಾಕುವ ಅಗತ್ಯ ಕಡಿಮೆ. ಬ್ರೀದರ್, ಓ-ರಿಂಗ್, ಹೋಸ್ ಮುಗಿಸಿ, ಜಾಕನ್ನು ಒಂದೊಂದಾಗಿ ಕಳಚಿ ಕೊಟ್ಟು ಮಾಡಿಸಿಕೊಳ್ಳಿ, ಕ್ಲಚ್ ಹೌಸಿಂಗಿನ ತೊಟ್ಟನ್ನು ಬಿಟ್ಟುಬಿಡಿ. ಬಾಡಿಗೆ ಕೆಲಸಕ್ಕೆ ದಿನಾ ಓಡಿಸುವವರಿಗೆ ಲೆಕ್ಕ ತಿರುಗುಮುರುಗು. ಗಾಡಿ ನಿಂತ ಒಂದೊಂದು ದಿನವೂ ಖರ್ಚೇ. ಉಗುರು ತಡೆದ ರಾಡಿಗೆ ಕ್ರೋಮ್ ಹಾಕಿಸಿಕೊಂಡು ಬರುವವರೆಗೆ ಕಾಯುವುದಕ್ಕಿಂತ ಹೊಸ ಜಾಕ್ ಹಾಕಿಸಿ ಕೆಲಸಕ್ಕೆ ಹೋಗಿ, ಹಳೆಯದನ್ನು ನಿಧಾನಕ್ಕೆ ರಿಪೇರಿ ಮಾಡಿಸಿ ಸ್ಪೇರ್ ಇಟ್ಟುಕೊಳ್ಳಿ. ಈಗಷ್ಟೇ ಕೊಳ್ಳುವ ಯೋಚನೆಯಲ್ಲಿದ್ದರೆ ರಾಡುಗಳ ಮೇಲೆ ಉಗುರು ಎಳೆದು, ಎಂಜಿನ್ ಡಿಪ್‌ಸ್ಟಿಕ್ ನೋಡಿ, ಅರ್ಧ ಗಂಟೆ ಲೋಡರ್ ಆಡಿಸಿದ ಮೇಲೆಯೇ ಬೆಲೆ ಮಾತಾಡಿ. ಹೋಸು ಸೋರುವ ಗಾಡಿಗೆ ಹೆದರಬೇಡಿ, ಅದನ್ನು ತೋರಿಸಿ ಬೆಲೆ ಇಳಿಸಿಕೊಳ್ಳಿ. ಎಂಜಿನ್ ಆಯಿಲ್ ಏರಿರುವ ಗಾಡಿಯಾದರೆ ವಾಪಸ್ ಬನ್ನಿ.

ಯಾವ ದಾರಿ ಹಿಡಿದರೂ, ರಿಪೇರಿ ಆದ ಮೇಲೆ ಮ್ಯಾನ್ಯುಯಲ್ ಹೇಳಿದ ಆಯಿಲನ್ನೇ ಗೆರೆಯವರೆಗೆ ತುಂಬಿ. ಹೊರೆ ಇಲ್ಲದೆ, ನಿಧಾನದ ಎಂಜಿನ್ನಿನಲ್ಲಿ, ಎಲ್ಲ ಜಾಕುಗಳನ್ನೂ ಹತ್ತಾರು ಸಲ ಪೂರ್ತಿ ಆಡಿಸಿದರೆ ಒಳಗಿನ ಗಾಳಿ ಹೋಗುತ್ತದೆ. ಆಮೇಲೆ ಮಟ್ಟ ಇಳಿದಿರುತ್ತದೆ, ಮತ್ತೆ ತುಂಬಿ. ಜಾಕು, ಪಂಪು ಬಿಚ್ಚಿದ್ದರೆ ಫಿಲ್ಟರನ್ನೂ ಬದಲಿಸಿ. ರಾತ್ರಿ ಗಾಡಿಯ ಕೆಳಗೆ ದೊಡ್ಡದೊಂದು ರಟ್ಟು ಹಾಸಿ, ಮುಂದಿನ ಚಕ್ರ ಎಲ್ಲಿದೆ ಅಂತ ಅದರ ಮೇಲೆ ಗುರುತು ಮಾಡಿ, ಬೆಳಿಗ್ಗೆ ಬಿದ್ದ ಪ್ರತಿ ಕಲೆಯ ಪಕ್ಕ ತಾರೀಖು ಬರೆಯಿರಿ. ನನ್ನ ಶೆಡ್ಡಿನಲ್ಲಿರುವ ರಟ್ಟಿನ ಮೇಲೆ ಈಗ ಒಂದೇ ಕಲೆ ಇದೆ, ಕ್ಲಚ್ ಹೌಸಿಂಗ್ ಕೆಳಗೆ, ಎರಡು ವರ್ಷದಿಂದ ಅದೇ ಜಾಗ, ಅದೇ ನಾಲ್ಕು ತೊಟ್ಟು.